ಒಳಮೈಯ ಮೂರು ಅಂಕಿ

ಲಾಯ್ಡ್ ಸ್ಕೊಗನ್‌ನ ಬಂದೂಕು ರಿಪೇರಿ ಅಂಗಡಿಯಿಂದ ರೈಫಲ್ ಬಿಡಿಸಿಕೊಂಡು ಬರುವುದು ಸುಲಭವಿರಲಿಲ್ಲ. ಕೆಲಸ ಮುಗಿದಿದೆ ಬಾ ಎಂದು ಅವನೇ ಹೇಳಿಕಳಿಸಿರುತ್ತಿದ್ದ. ಆದರೂ ಹೋದವನು ಅವನ ಮೇಜಿನ ಮುಂದೆ ನಿಂತು, ಖಾಲಿ ರೈಫಲ್ಲನ್ನು ಕೈಯಲ್ಲಿ ಹಿಡಿದು, ಒಂದೇ ಪರೀಕ್ಷೆಯನ್ನು ಮೂರು ಸಲ ಮಾಡಿ ತೋರಿಸಬೇಕಿತ್ತು. ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕು. ಟ್ರಿಗರ್ ಜೋರಾಗಿ ಎಳೆ, ಬಿಡು. ಈಗ ಸೇಫ್ಟಿ ತೆಗೆ. ತೆಗೆದಾಗ ರೈಫಲ್ ಸುಮ್ಮನಿರಬೇಕು. ಒಳಗೆ ಎಲ್ಲಾದರೂ ಟಿಕ್ ಎಂದರೆ ಅದು ಬಾಗಿಲು ದಾಟುವಂತಿಲ್ಲ. ಪಾದ್ರಿ ಬಂದರೂ ಇದೇ, ಶೆರಿಫ್ ಬಂದರೂ ಇದೇ. ಶೆರಿಫ್ ಒಮ್ಮೆ ಅವಸರದಲ್ಲಿ, ನಿನ್ನ ಮೇಲೆ ನಂಬಿಕೆ ಇದೆ ಕೊಡಯ್ಯ ಎಂದನಂತೆ.

"ನನ್ನ ಮೇಲೆ ನಂಬಿಕೆ ಇಟ್ಕೊಂಡು ಏನ್ ಮಾಡ್ತೀಯ? ಕಾಡಿಗೆ ನಾನ್ ಬರ್ತೀನಾ ನಿನ್ ಜೊತೆ?" ಎಂದು ಲಾಯ್ಡ್ ರೈಫಲ್ಲಿನ ಮೇಲೆ ಕೈಯಿಟ್ಟು ಕಾದ. ಶೆರಿಫ್ ಮೂರು ಸಲ ಮಾಡಿ ತೋರಿಸಿಯೇ ಹೋದ.

ಈ ಪರೀಕ್ಷೆಯನ್ನು ಬಿಟರ್ ಕ್ರೀಕ್ ಎಂಬ ಆ ಕಣಿವೆಯ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ನೋಡಿದವನು ಡೆಲ್ ಮರ್ಡಾಕ್. ಅವನು ಮೂವತ್ತೊಂದು ವರ್ಷ ಆ ಕಣಿವೆಯ ಜಲ್ಲಿ ರಸ್ತೆಗಳಲ್ಲಿ ಅಂಚೆ ಹಂಚಿದವನು. ಲಾಯ್ಡ್‌ಗೆ ಬರುತ್ತಿದ್ದ ಅಂಚೆಯೆಲ್ಲ ಅಂಗೈಯಗಲದ ಭಾರದ ಪೊಟ್ಟಣಗಳು. ಒಳಗೆ ಸ್ಪ್ರಿಂಗು, ಉಕ್ಕಿನ ಚೂರು, ಅರ, ಸಾಣೆಕಲ್ಲು. ಕೊಡಲು ಹೋದವನು ಒಂದು ಕಾಫಿ ಕುಡಿದು ಬರುತ್ತಿದ್ದ. ನಿವೃತ್ತನಾದ ಮೇಲೆ ಕೊಡುವುದಕ್ಕೆ ಪೊಟ್ಟಣವಿಲ್ಲದಿದ್ದರೂ ಕಾಫಿಗೆ ಹೋಗುತ್ತಿದ್ದ. ಲಾಯ್ಡ್‌ನ ಹೆಂಡತಿ ಮಾರ್ನಾ ತೀರಿಕೊಂಡ ಮೇಲಂತೂ ದಿನ ತಪ್ಪಿಸಿದ್ದಿಲ್ಲ. ಇಬ್ಬರೂ ಮಾತಿನ ಜನರಲ್ಲ. ಒಬ್ಬ ಅರ ಉಜ್ಜುತ್ತಿದ್ದ, ಇನ್ನೊಬ್ಬ ಪೇಪರ್ ಓದುತ್ತಿದ್ದ.

ಲಾಯ್ಡ್ ಯಾವ ಬಂದೂಕು ಶಾಲೆಗೂ ಹೋದವನಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದು ಕಲಿತವನು. ಯುದ್ಧ ಮುಗಿದ ಮೇಲೆ ಊರಿನ ಹುಡುಗರು ಜರ್ಮನ್ ಸೇನೆಯ ರೈಫಲ್‌ಗಳನ್ನು ಹೊತ್ತು ತಂದರು. ಆಮೇಲೆ ಅಂಥವೇ ಪೆಟ್ಟಿಗೆಗಟ್ಟಲೆ ಬಂದು ಅಂಗಡಿಗಳಲ್ಲಿ ಸಿಗತೊಡಗಿದವು. ಒಳ್ಳೆಯ ಉಕ್ಕು, ಸುಳ್ಳು ಹೇಳದ ಗುರಿ. ತೊಂದರೆ ಒಂದೇ. ಅದರ ಸೇಫ್ಟಿ, ಗುಂಡನ್ನು ಒಳಗೆ ತಳ್ಳುವ, ಹೊರಗೆಳೆದು ತೆಗೆಯಬಹುದಾದ ಬೋಲ್ಟ್ ಎಂಬ ಸರಳಿನ ಹಿಂತುದಿಯಲ್ಲಿ ಬಾವುಟದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಎಡದಿಂದ ಬಲಕ್ಕೆ ತಲೆಯ ಮೇಲಿಂದ ಹೊರಳಬೇಕು. ರೈಫಲ್ಲಿನ ಮೇಲೆ ದುರ್ಬೀನು ಕೂರಿಸಿದರೆ ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಆ ಹಿಂತುದಿಯ ತಲೆಯನ್ನೇ ತೆಗೆದು, ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಸಣ್ಣ ಸನ್ನೆಕೋಲಿರುವ ಬೇರೆ ತಲೆ ಹಾಕಿಸಬೇಕು. ಅದು ಪೊಟ್ಟಣದಲ್ಲಿ ಅಂಚೆಯಲ್ಲಿ ಬರುತ್ತದೆ.

ಪೊಟ್ಟಣದಲ್ಲಿ ಬರುವುದು ಅರ್ಧ ಕೆಲಸ ಎನ್ನುತ್ತಿದ್ದ ಲಾಯ್ಡ್. ಉಳಿದರ್ಧ ಕೂದಲೆಳೆಯ ಲೆಕ್ಕ. ಸೇಫ್ಟಿ ಹಾಕಿದಾಗ ಅದು ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನಿನ ಬಾಲವನ್ನು ಟ್ರಿಗರ್‌ನ ಹಲ್ಲಿನಿಂದ ಒಂದಿಷ್ಟೇ ಹಿಂದಕ್ಕೆ ಎಳೆದು ಹಿಡಿಯಬೇಕು. ಅದಕ್ಕೆ ಆ ಬಾಲವನ್ನು ಚೂರುಚೂರೇ ಉಜ್ಜಿ ಹೊಂದಿಸಬೇಕು. ಹೆಚ್ಚು ಎಳೆದರೆ ಸನ್ನೆ ಏರುವುದೇ ಇಲ್ಲ. ಕಡಿಮೆಯಾದರೆ ಅದು ದೊಡ್ಡ ಮೋಸ. ಸೇಫ್ಟಿ ಹಾಕಿರುವಾಗ ಟ್ರಿಗರ್ ಯಾಕೋ ಒತ್ತಿತೆನ್ನಿ, ಒಳಗೆ ಹಲ್ಲು ಜಾರಿಬಿಡುತ್ತದೆ. ಸೇಫ್ಟಿ ತಡೆದಿರುವುದರಿಂದ ರೈಫಲ್ ಆಗ ಸುಮ್ಮನಿರುತ್ತದೆ. ಒಂದು ಗಂಟೆಯ ಮೇಲೆ ನೀವು ಸೇಫ್ಟಿ ತೆಗೆದ ಕ್ಷಣಕ್ಕೆ, ಬೆರಳು ಟ್ರಿಗರ್ ಮೇಲಿಲ್ಲದಿದ್ದರೂ, ಗುಂಡು ಹಾರುತ್ತದೆ. ಆ ಮೂರು ಸಲದ ಪರೀಕ್ಷೆ ಇರುವುದು ಇದನ್ನು ಹಿಡಿಯುವುದಕ್ಕೆ.

ಮೂವತ್ತು ವರ್ಷದಲ್ಲಿ ಅವನು ಹಾಕಿದ ಸೇಫ್ಟಿಗಳು ಇನ್ನೂರಕ್ಕೆ ಕಡಿಮೆಯಿಲ್ಲ. ಒಂದೂ ಟಿಕ್ ಎಂದಿರಲಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನ ನವೆಂಬರಿನಲ್ಲಿ ಒಂದು ಟಿಕ್ ಎಂದಿತು.

ಹೋಲ್ಟರ್ ಸಹೋದರರು, ವೇಡ್ ಮತ್ತು ಕ್ಲಿಂಟ್, ಇಬ್ಬರೂ ನಲವತ್ತು ದಾಟಿದವರು, ಕೂಡಿಯೇ ದನ ಸಾಕುವವರು. ಅವರಪ್ಪ ಹಿಂದೆ ಒಂದೇ ಪೆಟ್ಟಿಗೆಯಿಂದ ಎರಡು ರೈಫಲ್ ಆರಿಸಿ ಇಬ್ಬರಿಗೂ ಕೊಟ್ಟಿದ್ದ. ಹೋದ ಚಳಿಗಾಲದಲ್ಲಿ ಎರಡಕ್ಕೂ ಲಾಯ್ಡ್ ಹೊಸ ಸೇಫ್ಟಿ ಹಾಕಿದ್ದ. ಈ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಬೇಟೆಯ ಬಿಡಾರದಿಂದ ಎಲ್ಕ್ ಜಿಂಕೆಯ ಹೆಜ್ಜೆ ಹಿಡಿದು ಹೊರಟವರಲ್ಲಿ ವೇಡ್ ಒಂದು ಬಿದ್ದ ಮರ ದಾಟುವಾಗ ಮುಗ್ಗರಿಸಿದ. ದಪ್ಪ ಗವಸಿನ ಬೆರಳು ಟ್ರಿಗರ್‌ಗೆ ಸಿಕ್ಕಿತು. ಸೇಫ್ಟಿ ಹಾಕಿತ್ತು, ಏನೂ ಆಗಲಿಲ್ಲ. ಅರ್ಧ ಗಂಟೆಯ ಮೇಲೆ ಬಯಲಿನ ಅಂಚಿನಲ್ಲಿ ಜಿಂಕೆ ಕಂಡಿತು. ವೇಡ್ ಮಂಡಿಯೂರಿ, ಕೊಳವೆ ಎತ್ತುವ ಮೊದಲೇ ಹೆಬ್ಬೆರಳಿನಿಂದ ಸೇಫ್ಟಿ ತಳ್ಳಿದ. ಗುಂಡು ತಾನಾಗಿ ಹಾರಿತು. ನಾಲ್ಕು ಗಜ ಮುಂದೆ ಬಗ್ಗಿ ಕೂತಿದ್ದ ಕ್ಲಿಂಟ್‌ನ ಮೊಣಕಾಲಿನ ಕೆಳಗಿನ ಮೂಳೆ ಪುಡಿಯಾಯಿತು. ಜೀವ ಉಳಿಯಿತು. ಕಾಲನ್ನು ಉಳಿಸಲು ನಗರದ ಆಸ್ಪತ್ರೆಯವರಿಗೆ ಆಗಲಿಲ್ಲ.

ಮೂರನೆಯ ದಿನ ವೇಡ್ ಆ ರೈಫಲ್ಲನ್ನು ಕಾಫಿ ಹೋಟೆಲಿಗೆ ತಂದು, ಖಾಲಿ ಮಾಡಿ, ಎಲ್ಲರೆದುರು ಮೇಜಿನ ಮೇಲೆ ಮಲಗಿಸಿದ. ಸೇಫ್ಟಿ ಹಾಕಿದ. ಟ್ರಿಗರ್ ಎಳೆದು ಬಿಟ್ಟ. ಸೇಫ್ಟಿ ತೆಗೆದ. ಟಿಕ್ ಎಂದಿತು. ಮತ್ತೆ ಮಾಡಿದ, ಮತ್ತೆ ಟಿಕ್. ಹದಿನೈದು ಜನ ತಟ್ಟೆಯ ಮೇಲಿನ ಕೈ ಹಾಗೇ ಹಿಡಿದು ಕೇಳಿಸಿಕೊಂಡರು.

"ನನ್ ಕೈಲೂ ಮೂರು ಸಲ ಮಾಡಿಸ್ದ ಆ ಮುದುಕ," ಎಂದ ವೇಡ್. "ಆವತ್ತು ಸುಮ್ನಿತ್ತು. ಏನ್ ಕಣ್ಕಟ್ಟು ಮಾಡಿದ್ನೋ."

ಯಾರೋ ಹೇಳಿದರು, ಬಿಡಾರದಲ್ಲಿ ಕ್ಲಿಂಟ್ ಕೂಡ ಗೊಣಗುತ್ತಿದ್ದನಂತೆ, ಈ ಸಲ ತನ್ನ ರೈಫಲ್ಲಿನ ಸೇಫ್ಟಿ ಏರುವುದೇ ಕಷ್ಟ, ಯಾಕೋ ಬಿಗಿಯಾಗಿದೆ ಎಂದು. ಅಲ್ಲಿಗೆ ಎರಡೂ ಕೆಟ್ಟ ಕೆಲಸವೇ ಎಂದಾಯಿತು. ಒಬ್ಬ ನೆನಪಿಸಿಕೊಂಡ, ಚರ್ಚಿನ ಊಟದಲ್ಲಿ ಲಾಯ್ಡ್ ಸೂಪಿನ ಚಮಚ ಬಾಯಿಗೊಯ್ಯುವಷ್ಟರಲ್ಲಿ ಅರ್ಧ ಚೆಲ್ಲಿದ್ದನ್ನು. ಇನ್ನೊಬ್ಬ, ಎರಡು ವಾರದಲ್ಲಿ ಕೊಡುತ್ತಿದ್ದವನು ಈಗ ಎರಡು ತಿಂಗಳು ತೆಗೆದುಕೊಳ್ಳುತ್ತಿದ್ದಾನೆ ಎಂದ. ಆಮೇಲೆ ಎಲ್ಲರೂ ಮೂಲೆಯಲ್ಲಿದ್ದ ಡೆಲ್‌ನ ಕಡೆ ತಿರುಗಿದರು.

"ನೀನ್ ದಿನಾ ಅಲ್ಲೇ ಕೂತಿರ್ತೀಯಲ್ಲ ಡೆಲ್, ನೀನ್ ಹೇಳು. ಅವನ ಕೈ ಹೆಂಗಿದೆ?"

ಡೆಲ್‌ಗೆ ಇವರಾರಿಗೂ ಗೊತ್ತಿಲ್ಲದ ಒಂದು ಸಂಗತಿ ಗೊತ್ತಿತ್ತು. ಹೋದ ಫೆಬ್ರವರಿಯಲ್ಲಿ, ಹೋಲ್ಟರ್‌ಗಳ ಕೆಲಸ ನಡೆಯುತ್ತಿದ್ದಾಗಲೇ, ಲಾಯ್ಡ್‌ನ ಕಸದ ಡಬ್ಬಿಯಲ್ಲಿ ಹೆಚ್ಚು ಉಜ್ಜಿ ಕೆಟ್ಟ, ಫೈರಿಂಗ್ ಪಿನ್ನಿನ ಮೂರು ಬಾಲಗಳು ಬಿದ್ದಿದ್ದವು. ಹಿಂದೆಲ್ಲ ವರ್ಷಕ್ಕೊಂದೂ ಬೀಳುತ್ತಿರಲಿಲ್ಲ. ಡೆಲ್ ಕಂಡೂ ಕಾಣದವನಂತೆ ಪೇಪರ್ ತಿರುವಿಹಾಕಿದ್ದ.

ಅವನು ಕಾಫಿ ಲೋಟದೊಳಗೆ ನೋಡುತ್ತ, "ವಯಸ್ಸಾಗಿದೆ," ಎಂದ.

ಅಷ್ಟೇ ಅಂದದ್ದು. ಸಂಜೆಯೊಳಗೆ ಅದು, ಡೆಲ್ಲೇ ಒಪ್ಪಿಕೊಂಡ ಎಂದಾಗಿ ಕಣಿವೆಯ ಆ ತುದಿ ಮುಟ್ಟಿತ್ತು.

ಲಾಯ್ಡ್ ಆಸ್ಪತ್ರೆಗೆ ಹೋಗಿ ಕ್ಲಿಂಟ್‌ನನ್ನು ನೋಡಿಕೊಂಡು ಬಂದ. ಅಲ್ಲಿ ಏನು ಮಾತಾಡಿದರೋ ಯಾರಿಗೂ ಹೇಳಲಿಲ್ಲ. ಬಂದ ಮೇಲೆ ವೇಡ್‌ಗೆ ಫೋನ್ ಮಾಡಿ, ರೈಫಲ್ಲನ್ನು ಒಮ್ಮೆ ತಾ ಎಂದ. ವೇಡ್ ಒಪ್ಪಲಿಲ್ಲ. ನೀನು ಮುಟ್ಟಿದರೆ ಸರಿಮಾಡಿಬಿಡುತ್ತೀಯ, ಆಮೇಲೆ ನಾನು ಸುಳ್ಳನಾಗುತ್ತೇನೆ ಎಂದು ಫೋನಿಟ್ಟ. ಮಾರನೆಯ ದಿನ ಡೆಲ್ ಹೋದಾಗ ಲಾಯ್ಡ್ ಕೆಲಸಕ್ಕೆ ಕೂತಿರಲಿಲ್ಲ.

"ನಂಗೆ ಅವನ ರೈಫಲ್ ಬೇಡ ಕಣೋ. ಬೋಲ್ಟಿನ ತಲೆ ಬಿಚ್ಚಿ ಒಳಗೆ ಒಂದ್ಸಲ ನೋಡ್ಬೇಕು, ಅಷ್ಟೇ. ನೀನ್ ಕೇಳಿದ್ರೆ ಕೊಟ್ಟಾನು."

"ಒಳಗೆ ಏನ್ ನೋಡೋದಿದೆ?"

ಲಾಯ್ಡ್ ಅವನ ಮುಖ ನೋಡಿದ. "ನೀನ್ ಏನಂತೀಯ ಡೆಲ್? ಕೆಲಸ ಕೆಟ್ಟಿದೆ ಅಂತೀಯಾ?" ಎಂದ.

ಇಲ್ಲ ಎನ್ನುವುದಕ್ಕೆ ಅರೆನಿಮಿಷ ಸಾಕಿತ್ತು. ಡೆಲ್ ಕೆಟ್ಟವನಲ್ಲ, ಆದರೆ ಹದಿನೈದು ಜನರ ಜೊತೆ ಆ ಟಿಕ್ ಕೇಳಿದ್ದ. ಮುದುಕ ಒಳಗೆ ನೋಡಬೇಕೆನ್ನುವುದು ಯಾಕೆ, ಏನನ್ನಾದರೂ ಉಜ್ಜಿ ಅಳಿಸುವುದಕ್ಕಾ ಎಂಬ ಯೋಚನೆ ಅವನಿಗೂ ಬಂದು ಹೋಗಿತ್ತು.

"ನಿನ್ ಕೈ ನಡುಗತ್ತೆ ಲಾಯ್ಡ್," ಎಂದ.

ಲಾಯ್ಡ್ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡ. ಅವು ನಡುಗುತ್ತಿದ್ದವು. "ನಡುಗತ್ತೆ," ಎಂದು ಎದ್ದು ಹೋಗಿ, ಬಾಗಿಲಿನ ಹೊರಗೆ ತೂಗುತ್ತಿದ್ದ ಬೋರ್ಡನ್ನು ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಕಾಫಿಯನ್ನೇನೋ ಕೊಟ್ಟ.

ಅಲ್ಲಿಂದ ಡೆಲ್‌ಗೆ ಬೇರೆಯದೇ ಹುಳ ಹೊಕ್ಕಿತು. ಹೋಲ್ಟರ್‌ಗಳ ಕೆಲಸ ಮಾಡಿದ ಅದೇ ಚಳಿಗಾಲದಲ್ಲಿ, ಅದೇ ಕೈಯಿಂದ, ತನ್ನ ರೈಫಲ್ಲಿನ ಸೇಫ್ಟಿಯನ್ನೂ ಲಾಯ್ಡ್ ಬಿಚ್ಚಿ ಹೊಸದಾಗಿ ಕೂರಿಸಿದ್ದ. ಮನೆಗೆ ಬಂದು ಮೂರು ಸಲ ಪರೀಕ್ಷೆ ಮಾಡಿದ, ಸುಮ್ಮನಿತ್ತು. ಮೂವತ್ತು ಸಲ ಮಾಡಿದ, ಸುಮ್ಮನಿತ್ತು. ಆದರೆ ವೇಡ್‌ನದೂ ಆವತ್ತು ಸುಮ್ಮನಿತ್ತಲ್ಲ. ಇವತ್ತು ಸುಮ್ಮನಿರುವುದು ನಾಳೆ ಸುಮ್ಮನಿರುತ್ತದೆಂದು ಯಾರು ಕಂಡವರು? ಗೊತ್ತಿರುವ ಬೇರೊಬ್ಬರಿಗೆ ತೋರಿಸಿಬಿಡುವುದೇ ಮೇಲು ಎನಿಸಿತು. ಲಾಯ್ಡ್‌ಗೆ ತಿಳಿಯದ ಹಾಗೆ.

ಹುಡುಕಲು ಹೊರಟ ಮೇಲೆ ತಿಳಿಯಿತು, ಬಂದೂಕು ಮಾರುವವರು ಊರೂರಿಗೆ ಇದ್ದಾರೆ, ಬಂದೂಕು ಬಲ್ಲವರು ಇಲ್ಲ. ನಗರದ ದೊಡ್ಡ ಅಂಗಡಿಯಲ್ಲಿ ಹುಡುಗಿಯೊಬ್ಬಳು ನಗುತ್ತಲೇ, ಸೇಫ್ಟಿ ಎಂದರೆ ನಾವು ಮುಟ್ಟುವುದಿಲ್ಲ, ನಮ್ಮ ವಕೀಲರು ಬಿಡುವುದಿಲ್ಲ ಎಂದಳು. ಹೆದ್ದಾರಿಯ ಪಕ್ಕದ ಇನ್ನೊಬ್ಬನ ಗೋಡೆಯ ತುಂಬ ಕಟ್ಟುಹಾಕಿಸಿದ ಸರ್ಟಿಫಿಕೇಟುಗಳು. ಅವನು, ಎಂಟೇ ನಿಮಿಷದ ಕೆಲಸ, ಕೊಡಿ ಇಲ್ಲಿ ಎಂದು ಕೈ ಚಾಚಿದ. ಅವನ ಮೇಜಿನ ಮೇಲೆ ಕರೆಂಟಿನ ಸಾಣೆಚಕ್ರದ ಪಕ್ಕ ಯಾರದೋ ಫೈರಿಂಗ್ ಪಿನ್ನಿನ ಬಾಲವಿತ್ತು. ಅದರ ತುದಿ ನವಿಲಿನ ಕತ್ತಿನ ಹಾಗೆ ನೀಲಿಗಟ್ಟಿತ್ತು. ಉಕ್ಕು ಬಿಸಿಗೆ ನೀಲಿಯಾದರೆ ಅದರ ಗಟ್ಟಿತನ ಹೋಯಿತೆಂದೇ ಲೆಕ್ಕ, ಹುರಿದ ಮೀನಿನ ಮುಳ್ಳಿಗೆ ಸಮ ಎಂದು ಲಾಯ್ಡ್ ಒಮ್ಮೆ ಹೇಳಿದ್ದ. ಡೆಲ್ ಕೋಟಿನೊಳಗೆ ಏನೋ ಮರೆತವನಂತೆ ತಡಕಾಡಿ ಹೊರಗೆ ಬಂದ. ಲಾಯ್ಡ್‌ನನ್ನು ಅಳೆಯಲು ಹೊರಟವನಿಗೆ ಅಳತೆಗೋಲೂ ಲಾಯ್ಡ್ ಕೊಟ್ಟದ್ದೇ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ಮೂರನೆಯ ಹೆಸರು ಅಂಚೆ ಕಚೇರಿಯ ಹಳೆಯ ಗೆಳೆಯನಿಂದ ಸಿಕ್ಕಿತು. ಹೆಸ್ಟರ್ ಕ್ವಿನ್. ತೊಂಬತ್ತು ಮೈಲಿ ದೂರ, ಬೋರ್ಡಿಲ್ಲ, ಫೋನ್ ಎತ್ತುವುದಿಲ್ಲ, ಇಷ್ಟವಿದ್ದರೆ ಬಾಗಿಲು ತೆಗೆಯುತ್ತಾಳೆ. ಅವಳು ಬಾಗಿಲನ್ನು ಅರ್ಧ ತೆಗೆದು, ಮೊದಲು ರೈಫಲ್ ನೋಡಿ, ಆಮೇಲೆ ಡೆಲ್‌ನನ್ನು ನೋಡಿದಳು. ಅರವತ್ತರ ಆಸುಪಾಸಿನ ದಪ್ಪ ಕನ್ನಡಕದ ಹೆಂಗಸು, ಗಂಡಸಿನ ಅಂಗಿ, ಉಗುರಿನಲ್ಲಿ ಎಣ್ಣೆ. ಒಂದು ಮಾತಾಡದೆ ಬೋಲ್ಟ್ ಎಳೆದು, ಅದರ ತಲೆಯನ್ನು ತಿರುಗಿಸಿ ಬಿಚ್ಚಿ, ಒಂದೊಂದೇ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಡೆಲ್ ಕೂರಲೋ ನಿಲ್ಲಲೋ ಎಂದು ತಿಳಿಯದೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಯಾರ್ ಮಾಡಿದ್ದಿದು?"

"ಯಾರೋ ಹಳಬ," ಎಂದ ಡೆಲ್.

"ಕೈ ನಡುಗೋನು."

ಡೆಲ್ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. ಅಂದರೆ ಊರವರು ಹೇಳಿದ್ದೇ ನಿಜ. ಅವನು ಕೇಳುವ ಮೊದಲೇ ಅವಳು ಭೂತಗಾಜನ್ನು ಅವನ ಕೈಗೆ ಕೊಟ್ಟು, ಬಾಲದ ಉಜ್ಜಿದ ಮೈಯನ್ನು ತೋರಿಸಿದಳು.

"ನೋಡಿ. ಒಂದೂ ಉದ್ದ ಎಳೆತ ಇಲ್ಲ. ಎಲ್ಲಾ ಗಿಣಿ ಕುಕ್ಕಿದ ಹಾಗೆ. ಕೈ ನಿಲ್ಲಲ್ಲ ಅಂತ ಅವನಿಗೆ ಗೊತ್ತು, ಅದಕ್ಕೇ ಕಲ್ಲನ್ನ ಓಡಾಡೋಕೆ ಬಿಟ್ಟಿಲ್ಲ. ಒಂದ್ ಕುಕ್ಕು, ಜೋಡಿಸಿ ನೋಡೋದು, ಮತ್ತೆ ಬಿಚ್ಚಿ ಒಂದ್ ಕುಕ್ಕು. ನಾನಾಗಿದ್ರೆ ಒಂದು ಮಧ್ಯಾಹ್ನ. ಇವನಿಗೆ ತಿಂಗಳು ಹಿಡಿದಿರತ್ತೆ." ಅವಳು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು. "ನನ್ನ ಕೈ ನಡುಗೋ ಕಾಲಕ್ಕೆ ನಂಗೆ ಇಷ್ಟು ತಾಳ್ಮೆ ಇರಲ್ಲ. ಇವನು ಬದುಕಿದ್ರೆ ನನ್ ಹತ್ರ ಯಾಕ್ ತಂದ್ರಿ?"

ಡೆಲ್‌ಗೆ ಕಸದ ಡಬ್ಬಿಯ ಮೂರು ಬಾಲಗಳ ನೆನಪಾಯಿತು. ಕೆಟ್ಟದ್ದನ್ನು ಲಾಯ್ಡ್ ಎಸೆದಿದ್ದ, ಯಾರ ರೈಫಲ್ಲಿಗೂ ಹಾಕಿರಲಿಲ್ಲ.

ಹೆಸ್ಟರ್ ಬೋಲ್ಟಿನ ತಲೆಯನ್ನು ಮಗುಚಿ ಒಳಮೈ ತೋರಿಸಿದಳು. ಅಲ್ಲಿ ಮೂರು ಸಣ್ಣ ಅಂಕಿಗಳನ್ನು ಕೊರೆದಿತ್ತು. ಡೆಲ್‌ನ ರೈಫಲ್ಲಿನ ನಂಬರಿನ ಕೊನೆಯ ಮೂರು ಅಂಕಿಗಳು. ಇದು ಯಾಕೆ ಎಂದು ಅವನು ಕೇಳಿದ. ಸೇನೆಯವರ ನಂಬರು ಬೋಲ್ಟಿನ ಹಿಡಿಕೆಯ ಬುಡದಲ್ಲಿರುತ್ತದೆ, ದುರ್ಬೀನಿಗೆ ಜಾಗ ಮಾಡಲು ಹಿಡಿಕೆ ಕತ್ತರಿಸಿ ಬೇರೆಯದನ್ನು ಬೆಸೆದಾಗ ಅದು ಅಳಿದುಹೋಗುತ್ತದೆ, ಯಾವ ಬೋಲ್ಟು ಯಾವ ರೈಫಲ್ಲಿನದು ಎಂದು ಗೊತ್ತಾಗಲಿ ಎಂದು ಇವನು ಒಳಗೆ ಬರೆದಿದ್ದಾನೆ ಎಂದಳು. ಕೂದಲೆಳೆ ಲೆಕ್ಕದಲ್ಲಿ ಒಂದು ರೈಫಲ್ಲಿನ ಹಲ್ಲಿಗೆ ಕೂರಿಸಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬೋಲ್ಟೇನೋ ಒಳಗೆ ಹೋಗುತ್ತದೆ, ಓಡಾಡುತ್ತದೆ. ಆದರೆ ಒಂದರಲ್ಲಿ ಬಿಗಿಯಾಗಬಹುದು, ಒಂದರಲ್ಲಿ ಸಡಿಲಾಗಬಹುದು.

"ಬಿಗಿ," ಎಂದ ಡೆಲ್. ಕ್ಲಿಂಟ್ ಬಿಡಾರದಲ್ಲಿ ಗೊಣಗಿದ್ದು ಅದೇ ಮಾತು.

ತೊಂಬತ್ತು ಮೈಲಿಯನ್ನು ಅವನು ಎಲ್ಲೂ ನಿಲ್ಲಿಸದೆ ಓಡಿಸಿದ. ಹೋಲ್ಟರ್‌ಗಳ ಬಿಡಾರವನ್ನು ಅವನು ನೋಡಿದ್ದ. ದಿನದ ಬೇಟೆ ಮುಗಿಸಿ ಬಂದ ಕೂಡಲೇ ಊಟಕ್ಕೂ ಮೊದಲು ಅಪ್ಪ ಕಲಿಸಿದ ಹಾಗೆ ಇಬ್ಬರೂ ರೈಫಲ್ ಒರೆಸುತ್ತಾರೆ. ಒಂದೇ ಮೇಜು, ಒಂದೇ ಹಳೆಯ ಟವೆಲು, ಅದರ ಮೇಲೆ ಅಕ್ಕಪಕ್ಕ ಎರಡು ಬೋಲ್ಟು. ಅಪ್ಪ ಒಂದೇ ಪೆಟ್ಟಿಗೆಯಿಂದ ಆರಿಸಿದ್ದು, ಲಾಯ್ಡ್ ಒಂದೇ ವಾರ ಬೆಸೆದ ಹಿಡಿಕೆಗಳು. ಬಾಟಲಿ ಅತ್ತಿಂದಿತ್ತ ಹೋಗುತ್ತಿರುತ್ತದೆ, ಕಥೆ ನಡೆಯುತ್ತಿರುತ್ತದೆ.

ವೇಡ್ ದನದ ಕೊಟ್ಟಿಗೆಯ ಬಾಗಿಲಲ್ಲೇ ತಡೆದ. "ಮುದುಕ ಕಳಿಸಿದ್ನಾ?"

"ಅವನಿಗೆ ನಾನ್ ಬಂದಿರೋದೇ ಗೊತ್ತಿಲ್ಲ. ನೀನೇ ಬಿಚ್ಚು. ನಾನು ಮುಟ್ಟಲ್ಲ, ಕೈ ಜೇಬಲ್ಲೇ ಇಟ್ಕೋತೀನಿ."

ವೇಡ್ ಅವನ ಕೈ ನಿಜವಾಗಿ ಜೇಬಿನಲ್ಲಿದೆಯೇ ಎಂದು ಎರಡು ಸಲ ನೋಡಿಕೊಂಡೇ ಬಿಚ್ಚಿದ. ಒಳಗಿದ್ದದ್ದು 614. ರೈಫಲ್ಲಿನ ಮೈಮೇಲೆ ಇದ್ದ ನಂಬರು ಮುಗಿಯುತ್ತಿದ್ದದ್ದು 587ಕ್ಕೆ. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಡೆಲ್ ಬಿಡಿಸಿ ಹೇಳಿದ ಮೇಲೆ ತಮ್ಮನ ಮನೆಗೆ ನಡೆದುಕೊಂಡು ಹೋಗಿ ಕ್ಲಿಂಟ್‌ನ ರೈಫಲ್ ತಂದ. ಅದು 614, ಅದರ ಬೋಲ್ಟಿನೊಳಗೆ 587. ಬೋಲ್ಟುಗಳನ್ನು ಅದಲುಬದಲು ಮಾಡಿ ಹಾಕಿ, ಎರಡಕ್ಕೂ ಮೂರು ಮೂರು ಸಲ ಪರೀಕ್ಷೆ ಮಾಡಿದ. ಎರಡೂ ಸುಮ್ಮನಿದ್ದವು. ಸನ್ನೆಗಳು ಬೆಣ್ಣೆಯ ಹಾಗೆ ಏರಿದವು. ವೇಡ್ ಹುಲ್ಲಿನ ಹೊರೆಯ ಮೇಲೆ ಕೂತ.

"ಪ್ರತಿ ಸಲ ಬೋಲ್ಟ್ ಹಾಕ್ದಾಗ್ಲೂ ಮಾಡಿ ನೋಡು ಅಂದಿದ್ದ ಮುದುಕ," ಎಂದ. "ಒಂದ್ ಸಲನೂ ಮಾಡ್ಲಿಲ್ಲ."

ಟವೆಲಿನಿಂದ ಯಾರು ಯಾವುದನ್ನು ಎತ್ತಿಕೊಂಡರು ಎಂದು ಆಮೇಲೂ ತಿಳಿಯಲಿಲ್ಲ. ನಾನೇ ಇರಬೇಕು ಎಂದು ಕ್ಲಿಂಟ್ ಹೇಳುತ್ತಾನೆ. ಇಲ್ಲ ನಾನೇ ಎಂದು ವೇಡ್ ಹೇಳುತ್ತಾನೆ. ಅದು ಅವರಿಬ್ಬರ ವಿಷಯ.

ಡೆಲ್ ಲಾಯ್ಡ್‌ನ ಮನೆಗೆ ಹೋದಾಗ ಅವನು ಅಂಗಡಿಯ ಕಿಟಕಿಯ ಬಳಿ ಕೂತಿದ್ದ. ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದ. ಸಮಾಧಾನದ ಉಸಿರನ್ನೇನೂ ಬಿಡಲಿಲ್ಲ.

"ಗೊತ್ತಿತ್ತಾ ನಿಂಗೆ?"

"ಅನುಮಾನ ಇತ್ತು. ಕ್ಲಿಂಟ್ ಆಸ್ಪತ್ರೇಲಿ ಬಿಗಿ ಅಂದನಲ್ಲ, ಆಗ್ಲಿಂದ."

"ಮತ್ತೆ ಬಾಯ್ ಬಿಟ್ಟು ಹೇಳ್ಬಾರ್ದಿತ್ತಾ? ನಂಗಾದ್ರೂ?"

"ಹೇಳಿದ್ರೆ ನೆಪ ಹುಡುಕ್ತಿದಾನೆ ಮುದುಕ ಅಂತಿದ್ರಿ." ಆ ಬಹುವಚನದಲ್ಲಿ ಡೆಲ್ ಕೂಡ ಇದ್ದ. "ಆ ನಂಬರನ್ನ ನಾನು ಹೊರಗೆ ಕೊರೀಬೇಕಿತ್ತು ಕಣೋ. ನೋಡೋಕೆ ಚೆನ್ನಾಗಿರಲ್ಲ ಅಂತ ಒಳಗೆ ಹಾಕ್ದೆ. ಹೊರಗಿದ್ದಿದ್ರೆ ಆ ಟವೆಲ್ ಮೇಲೇ ಕಾಣ್ತಿತ್ತು. ಕ್ಲಿಂಟ್‌ಗೆ ಎರಡ್ ಕಾಲಿರ್ತಿತ್ತು."

ಅದು ಹಾಗಲ್ಲ ಎಂದು ಡೆಲ್ ಹೇಳಹೋದ. ಲಾಯ್ಡ್ ಕೇಳಲಿಲ್ಲ. ಕಿಟಕಿಯಾಚೆ ಡೆಲ್‌ನ ಪಿಕಪ್ ನಿಂತಿತ್ತು. ಅದರ ಹಿಂಗಾಜಿನ ಸ್ಟ್ಯಾಂಡಿನಲ್ಲಿ ರೈಫಲ್ ಇತ್ತು. ಯಾವಾಗಲೂ ಅಲ್ಲಿರುತ್ತಿದ್ದದ್ದು ವಾರದಿಂದ ಇರಲಿಲ್ಲ.

"ಬೋಲ್ಟಿನೊಳಗೆ ನಂಬರಿದೆ ಅಂತ ನಿಂಗ್ ಹೆಂಗ್ ಗೊತ್ತಾಯ್ತು?" ಎಂದ ಲಾಯ್ಡ್. "ನಿಂದನ್ನ ಬಿಚ್ಚಿಸ್ದೆ, ಅಲ್ವಾ? ಸ್ಟ್ಯಾಂಡ್ ಖಾಲಿಯಾದ ದಿನವೇ ಅಂದ್ಕೊಂಡೆ. ಯಾರ ಹತ್ರ ಹೋಗಿದ್ದೆ?"

ಡೆಲ್ ಹೆಸರು ಹೇಳಿದ. ಲಾಯ್ಡ್ ಅವಳ ಹೆಸರು ಕೇಳಿದ್ದ, ನೋಡಿರಲಿಲ್ಲ.

"ಏನಂದ್ಲು?"

"ತನಗೆ ಇಷ್ಟು ತಾಳ್ಮೆ ಇಲ್ಲ ಅಂದ್ಲು. ಯಾರು ಮಾಡಿದ್ದು ಅಂತ ಕೇಳಿದ್ಲು."

"ನೀನೇನಂದೆ?"

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. "ಯಾರೋ ಹಳಬ ಅಂದೆ," ಎಂದ ಡೆಲ್.

ಲಾಯ್ಡ್ ತಲೆಯಾಡಿಸಿದ. ಎದ್ದು ಕಾಫಿ ಬಗ್ಗಿಸಿದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಿಟ್ಟ. ಚೆಲ್ಲಿದ್ದನ್ನು ಡೆಲ್ ಒರೆಸಿದ.

ವೇಡ್ ಹೋಟೆಲಿಗೆ ಹೋಗಿ, ಅದೇ ಮೇಜಿನ ಮುಂದೆ ನಿಂತು ನಡೆದದ್ದನ್ನು ಹೇಳಿದ. ಅಷ್ಟು ಮಾಡುವುದಕ್ಕೂ ಗಟ್ಟಿ ಮನಸ್ಸು ಬೇಕು. ಆದರೆ ಲಾಯ್ಡ್‌ನ ಬೋರ್ಡು ಮತ್ತೆ ಹೊರಗೆ ಬರಲಿಲ್ಲ. ಹೊಸ ಕೆಲಸ ಅವನು ಹಿಡಿಯಲೂ ಇಲ್ಲ. ತಾನು ಸೇಫ್ಟಿ ಹಾಕಿದ್ದ ಒಬ್ಬೊಬ್ಬರಿಗೂ ಹೇಳಿಕಳಿಸಿ, ರೈಫಲ್ ತರಿಸಿಕೊಂಡು, ಬೋಲ್ಟಿನ ಹಿಡಿಕೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಮೂರು ಅಂಕಿ ಕೊರೆದುಕೊಟ್ಟ. ಆ ಚಳಿಗಾಲವೆಲ್ಲ ಅದೇ. ಕೆಲವರು ತಲೆತಗ್ಗಿಸಿ ಮಾತಾಡಿದರು, ಕೆಲವರು ಎಲ್ಕ್ ಮಾಂಸದ ಪೊಟ್ಟಣ ಮೇಜಿನ ಮೇಲಿಟ್ಟು ಹೋದರು. ಇನ್ನು ಕೆಲವರು, ಅಂಕಿಗಳು ಸೊಟ್ಟಗಿವೆಯಲ್ಲ ಎಂದು ಹೊರಗೆ ಹೋಗಿ ಗುಸುಗುಟ್ಟಿದರು, ಇನ್ನೂ ಅನುಮಾನ ಬಿಡದವರು. ಅಂಕಿಗಳು ಸೊಟ್ಟಗೇ ಇದ್ದವು. ನಾಲ್ಕು ಎಂಬುದು ಗಾಳಿಗೆ ವಾಲಿದ ಬೇಲಿಗೂಟದ ಹಾಗೆ ಕಾಣುತ್ತಿತ್ತು.

ಪ್ರತಿಯೊಬ್ಬರ ಕೈಯಲ್ಲೂ ಮೂರು ಸಲ ಪರೀಕ್ಷೆ ಮಾಡಿಸಿಯೇ ಕಳಿಸಿದ. ಡೆಲ್‌ನದನ್ನು ಕೊನೆಗೆ ಇಟ್ಟುಕೊಂಡಿದ್ದ. ಮಾರ್ಚಿನ ಎರಡನೆಯ ವಾರ ಅದನ್ನೂ ಕೊರೆದ. ಆ ತಿಂಗಳ ಕೊನೆಯ ಭಾನುವಾರ ಚರ್ಚಿನಿಂದ ಬಂದು ಕೋಟು ಕಳಚದೆ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ವೇಡ್ ಒಬ್ಬ. ಕ್ಲಿಂಟ್ ಊರುಗೋಲಿನಲ್ಲಿ ಹಿಂದೆ ನಡೆದ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಆಲೂಗಡ್ಡೆ, ಕಾಫಿ. ಎಲ್ಲರೂ ಅವನ ಕೈಗುಣ ಹೊಗಳಿದರು. ಡೆಲ್ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅವನು ಏಪ್ರಿಲ್‌ನಲ್ಲಿ, ರಸ್ತೆಯ ಕೆಸರು ಒಣಗಿದ ಮೇಲೆ, ತೊಂಬತ್ತು ಮೈಲಿ ಹೋಗಿ ಆ ಬೋರ್ಡಿಲ್ಲದ ಬಾಗಿಲು ಬಡಿದ. ಹೆಸ್ಟರ್ ಕ್ವಿನ್ ಅರ್ಧ ತೆಗೆದು, ರೈಫಲ್ ನೋಡಿ, ಗುರುತು ಹಿಡಿದಳು. ಮತ್ತೇನಾಯಿತು ಎಂದು ಹುಬ್ಬೇರಿಸಿದಳು.

"ಯಾರ್ ಮಾಡಿದ್ದು ಅಂತ ಕೇಳಿದ್ರಿ ಆವತ್ತು," ಎಂದ ಡೆಲ್. "ಲಾಯ್ಡ್ ಸ್ಕೊಗನ್. ಬಿಟರ್ ಕ್ರೀಕ್‌ನವನು. ನನ್ನ ಗೆಳೆಯ."

"ಇದನ್ನ ಹೇಳೋಕೆ ಬಂದ್ರಾ?"

"ಹೌದು."

"ಒಂದ್ಸಲ ಕರ್ಕೊಂಡ್ ಬನ್ನಿ. ನೋಡ್ಬೇಕು ಆ ಮನುಷ್ಯನ್ನ."

"ಹೋದ ತಿಂಗಳು ತೀರ್ಕೊಂಡ."

ಅವಳು ಬಾಗಿಲನ್ನು ಪೂರ್ತಿ ತೆಗೆದಳು. ರೈಫಲ್ ಈಸಿಕೊಂಡು, ಹಿಡಿಕೆಯ ಮೇಲಿನ ಸೊಟ್ಟ ಅಂಕಿಗಳ ಮೇಲೆ ಹೆಬ್ಬೆರಳಾಡಿಸಿದಳು. ಬೋಲ್ಟ್ ಬಿಚ್ಚಿ ಕಿಟಕಿಯ ಬಳಿ ಒಯ್ದು, ಆವತ್ತಿಗಿಂತ ಹೆಚ್ಚು ಹೊತ್ತು ನೋಡಿದಳು. ಜೋಡಿಸಿ ವಾಪಸು ಕೊಟ್ಟಳು. ಕೊಟ್ಟವಳು ಒಳಗೆ ಹೋಗದೆ ಎದುರಿಗೇ ನಿಂತಳು.

ಡೆಲ್ ಕೊಳವೆಯನ್ನು ನೆಲಕ್ಕೆ ತಿರುಗಿಸಿ, ಖಾಲಿಯಿದೆಯೇ ಎಂದು ನೋಡಿ, ಸೇಫ್ಟಿ ಹಾಕಿದ. ಟ್ರಿಗರ್ ಎಳೆದು ಬಿಟ್ಟ. ಸೇಫ್ಟಿ ತೆಗೆದ. ಇಬ್ಬರೂ ಕಿವಿಗೊಟ್ಟರು. ರೈಫಲ್ ಸುಮ್ಮನಿತ್ತು. ಆಮೇಲೆ ಇನ್ನೆರಡು ಸಲ ಮಾಡಿದ.